ಹಸಿರು ಚೀಲ ಹೊತ್ತು ಸೋಂಪುರಕ್ಕೆ

ಬೆಳಿಗ್ಗೆ ಏಳೂಕಾಲಿಗೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾನೂ ನನ್ನ ಸೊಸೆ ಸುಮಾನೂ ಡಾಬಸ್‌ಪೇಟೆ ಬಸ್ಸು ಹತ್ತಿದೆವು. ಕಾರ್ತಿಕದ ಮಂಜು. ಎದುರಿನ ಅಂಗಡಿಯ ಬೋರ್ಡೂ ಕಾಣುತ್ತಿರಲಿಲ್ಲ. ನನ್ನ ತೊಡೆಯ ಮೇಲೆ ಹಳೇ ಸೀರೆಯಲ್ಲಿ ಸುತ್ತಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಭತ್ತದ ಹುಲ್ಲು, ಹುಲ್ಲಿನ ತುಂಬ ಹಸಿರು ಬೂಷ್ಟು. ಅಣಬೆ ಬರಬೇಕಾದ ಚೀಲ ಅದು.

ನಮ್ಮ ಮನೆಯ ಹಿಂದೆ ಮಗ್ಗದ ಶೆಡ್ಡಿದೆ. ಮಗ ಮಗ್ಗಗಳನ್ನು ಬೇರೆ ಜಾಗಕ್ಕೆ ಸಾಗಿಸಿದ ಮೇಲೆ ಖಾಲಿ ಬಿದ್ದಿತ್ತು. ಕತ್ತಲೆ, ತಂಪು. ಸುಮಾ ಎರಡು ದಿನ ತರಬೇತಿಗೆ ಹೋಗಿಬಂದು ಅಲ್ಲಿ ಅಣಬೆ ಹಾಕಿದಳು. ಮೂರು ಸಲ ಹಾಕಿದಳು, ಮೂರು ಸಲವೂ ಹಸಿರಾಯಿತು. ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಅವಳ ಹಳೇ ಕೆಲಸ ಮತ್ತೆ ಕೊಡುತ್ತೇವೆ ಎಂದಿದ್ದರು. ದಿನವೆಲ್ಲ ನಿಂತೇ ಮಾಡುವ ಕೆಲಸ, ಹೋದ ವರ್ಷ ಕಾಲು ಊದಿಕೊಂಡು ಬಿಟ್ಟು ಬಂದಿದ್ದಳು. ಬರುತ್ತೀಯೋ ಇಲ್ಲವೋ ಇವತ್ತು ಸಂಜೆಯೊಳಗೆ ಹೇಳು ಎಂದಿದ್ದ ಸೂಪರ್‌ವೈಸರ್. ಸೋಂಪುರದ ಪಕ್ಕದ ಹಳ್ಳಿಯಲ್ಲಿ ಜಯಮ್ಮ ಎಂಬುವಳು ಅಣಬೆ ಬೆಳೆದು ಮಾರುತ್ತಾಳೆ, ತರಬೇತಿಯಲ್ಲಿ ಪರಿಚಯವಾದವಳು. ಅವಳಿಗೆ ಚೀಲ ತೋರಿಸುವುದು. ತಪ್ಪು ಸಿಕ್ಕರೆ ಇನ್ನೊಂದು ಸಲ ಅಣಬೆ, ಸಿಗದಿದ್ದರೆ ಫ್ಯಾಕ್ಟರಿ.

ಸೊಸೆ ಮನೆಯಲ್ಲೇ ಇರಲಿ ಎಂಬುದು ನನ್ನ ಆಸೆ. ಪ್ರೀತಿ ಉಕ್ಕಿ ಹರಿದು ಅಲ್ಲ. ಅವಳು ಶಿಫ್ಟಿಗೆ ಹೋದರೆ ಎರಡು ಹೊತ್ತೂ ಮುದ್ದೆ ತಿರುವುವುದು ನನ್ನ ತಲೆಗೆ ಬರುತ್ತದೆ, ನನ್ನ ಭುಜ ಆಗಲೇ ಹೋಗಿದೆ.

ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದೆವು, ದುಡ್ಡಿಲ್ಲದ ಟಿಕೆಟ್ ಹರಿದುಕೊಟ್ಟ.

"ಅಜ್ಜಿ, ಮಡಿಲಲ್ಲೇನು, ಮಗುನಾ?"

"ಮಗುಗೂ ಟಿಕೆಟ್ ಹರೀತೀಯೇನಪ್ಪಾ?"

"ಅಲ್ಲ, ವಾಸ್ನೆ ಬರ್ತೈತೆ."

"ನೀನು ಮಗು ಆಗಿದ್ದಾಗ ಬರ್ತಿರ್ಲಿಲ್ವಾ?" ಎಂದೆ. ಹಿಂದಿನ ಸೀಟಿನವರು ನಕ್ಕರು. ಸುಮಾ ಕಿಟಕಿಯ ಕಡೆಗೆ ತಿರುಗಿಕೊಂಡಳು.

ಒಂದೂಕಾಲು ಗಂಟೆಯ ದಾರಿ. ಡಾಬಸ್‌ಪೇಟೆಯಲ್ಲಿ ಇಳಿಯುವ ಹೊತ್ತಿಗೆ ಮಂಜು ಕರಗಿ ಶಿವಗಂಗೆ ಬೆಟ್ಟದ ತುದಿ ಕಂಡಿತು. ಟೀ ಕುಡಿದು ಷೇರ್ ಆಟೋ ಹತ್ತಿದೆವು, ತಲೆಗೆ ಇಪ್ಪತ್ತು ರೂಪಾಯಿ. ಎರಡೂ ಕಡೆ ಫ್ಯಾಕ್ಟರಿ ಕಾಂಪೌಂಡು, ನಡುವೆ ಲಾರಿ, ಲಾರಿಯ ಹಿಂದೆ ಧೂಳು. ಅದು ಮುಗಿದ ಮೇಲೆ ರಾಗಿ ಹೊಲ, ಜಯಮ್ಮನ ಮನೆ.

ನಮ್ಮನ್ನು ಕಂಡು ನಗುತ್ತಾ ಬಂದ ಜಯಮ್ಮ, ನಾನು ಚೀಲಕ್ಕೆ ಸುತ್ತಿದ್ದ ಸೀರೆ ಬಿಚ್ಚಿ ತೋರಿಸಿದ ಕೂಡಲೇ ಎರಡು ಹೆಜ್ಜೆ ಹಿಂದೆ ಹೋದಳು.

"ಅಯ್ಯೋ, ಅಲ್ಲೇ ನಿಲ್ಲಿ! ಒಳಗೆ ತರ್ಬೇಡ್ರಮ್ಮ ಅದನ್ನ. ಅದರ ಪುಡಿ ಗಾಳಿಗೆ ಹಾರಿದ್ರೆ ನನ್ನ ಶೆಡ್ಡೂ ಹೋಯ್ತು."

ಅಷ್ಟು ದೂರ ಮಡಿಲಲ್ಲಿಟ್ಟುಕೊಂಡು ತಂದದ್ದನ್ನು ಬೇಲಿಯಾಚೆ ಗುಂಡಿ ತೋಡಿ ಹೂತಳು. ಆಮೇಲೆ ನಮ್ಮ ಕೈಕಾಲು ಸೋಪಿನಲ್ಲಿ ತೊಳೆಸಿ, ಸೀರೆಯ ಮೇಲೆ ಹಾಕಿಕೊಳ್ಳಲು ತನ್ನ ಗಂಡನ ಒಗೆದ ಶರ್ಟು ಕೊಟ್ಟಳು. ನನಗೆ ಚೌಕಳಿ ಶರ್ಟು ಬಂತು. ಸುಮಾ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡಳು.

ಶೆಡ್ಡಿನೊಳಗೆ ಸಾಲಾಗಿ ಚೀಲಗಳು ತೂಗುತ್ತಿದ್ದವು. ಕೆಲವು ಬೆಣ್ಣೆ ಬಳಿದ ಹಾಗೆ ಬೆಳ್ಳಗಿದ್ದವು. ಕೆಲವುಗಳ ಮೈಯಿಂದ ಅಣಬೆ ಗೊಂಚಲು ಗೊಂಚಲಾಗಿ, ಆನೆ ಕಿವಿಯ ಹಾಗೆ ಹೊರಗೆ ಬಂದಿದ್ದವು. ಮಳೆಗಾಲದಲ್ಲಿ ಹುತ್ತದ ಅಣಬೆ ಕಿತ್ತು ತಿಂದವಳು ನಾನು. ಚೀಲದಲ್ಲಿ ಬೆಳೆದದ್ದನ್ನು ಅವತ್ತೇ ನೋಡಿದ್ದು.

ಜಯಮ್ಮ ಹೊಸ ಚೀಲ ತುಂಬಿಯೇ ತೋರಿಸಿದಳು. ಬೆರಳುದ್ದ ಕತ್ತರಿಸಿದ ಹುಲ್ಲನ್ನು ಹಿಂದಿನ ದಿನವೇ ನೆನೆಹಾಕಿ, ಒಂದು ಗಂಟೆ ಕುದಿಸಿ, ನೆರಳಲ್ಲಿ ಹರಡಿದ್ದಳು. ಒಂದು ಹಿಡಿ ನನ್ನ ಕೈಗೆ ಕೊಟ್ಟು ಹಿಂಡಿ ಎಂದಳು. ಅಂಗೈ ಒದ್ದೆಯಾಗಬೇಕಂತೆ, ನೀರು ತೊಟ್ಟಿಕ್ಕಬಾರದಂತೆ. ಬೀಜ ಅಂದರೆ ಬಿಳಿ ನೂಲು ಹಿಡಿದ ಜೋಳದ ಕಾಳು. ಚೀಲಕ್ಕೆ ಒಂದು ಪದರ ಹುಲ್ಲು, ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು. ಹೀಗೆ ತುಂಬಿ, ಒತ್ತಿ, ಬಾಯಿ ಕಟ್ಟಿ, ಸುತ್ತಲೂ ಸೂಜಿಯಲ್ಲಿ ತೂತು ಮಾಡಿದಳು. ಹದಿನೆಂಟು ಇಪ್ಪತ್ತು ದಿನ ಕತ್ತಲೆಯಲ್ಲಿ ಮುಟ್ಟದೆ ಬಿಡಬೇಕು. ಪೂರ್ತಿ ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಸೀಳಿ, ಸ್ವಲ್ಪ ಬೆಳಕು, ಗಾಳಿ ಬಿಟ್ಟು, ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಆಮೇಲೆ ವಾರದೊಳಗೆ ಅಣಬೆ. ಅಂಚು ಮೇಲಕ್ಕೆ ಮಡಚಿಕೊಳ್ಳುವ ಮೊದಲೇ ಬುಡ ತಿರುಚಿ ಕೀಳಬೇಕು. ಸುಮಾ ಎಲ್ಲಕ್ಕೂ ತಲೆಯಾಡಿಸಿದಳು. ಅವಳು ಮಾಡಿದ್ದೂ ಹಾಗೆಯೇ.

"ಹತ್ತಿರದಲ್ಲಿ ಸಗಣಿ ಗಿಗಣಿ ಐತಾ?" ಎಂದು ಜಯಮ್ಮ ಕೇಳಿದಳು. "ನಮ್ಮ ಹಸು ಕಟ್ಟೋದು ಬೇಲಿ ಆಚೆ. ಸಗಣಿ ಮುಟ್ಟಿದ ಕೈಲಿ ನಾನು ಇಲ್ಲಿಗೆ ಬರಲ್ಲ. ಅದರಲ್ಲಿರೋ ಬೂಷ್ಟು ಇದನ್ನ ತಿಂದ್ಹಾಕ್ಬಿಡುತ್ತೆ."

"ನಮ್ಮನೇಲಿ ಹಸುನೇ ಇಲ್ಲಕ್ಕ," ಎಂದಳು ಸುಮಾ.

ಹಸು ಇಲ್ಲ, ನಿಜ. ಪಕ್ಕದ ಬೀದಿಯಿಂದ ಸಗಣಿ ತರುವವಳು ನಾನು. ಮಗ್ಗ ಓಡುವಾಗ ಪ್ರತಿ ಶುಕ್ರವಾರ ಶೆಡ್ಡಿಗೆ ಸಗಣಿ ನೀರು ಚಿಮುಕಿಸಿ ದೀಪ ಹಚ್ಚಿದ ಮೇಲೆಯೇ ನಮ್ಮಲ್ಲಿ ಲಾಳಿ ಆಡುತ್ತಿದ್ದದ್ದು. ಮಗ್ಗ ಹೋದರೂ ನಾನು ಬಿಟ್ಟಿರಲಿಲ್ಲ. ಅಣಬೆ ಹಾಕಿದ ಮೇಲೆ ಶೆಡ್ಡಿಗೆ ಹೋಗಬೇಡಿ ಅತ್ತೆ ಎಂದು ಸುಮಾ ಬೀಗ ಹಾಕಿದ್ದಳು. ಹಳೇ ಬೀಗ, ಇನ್ನೊಂದು ಕೀ ನನ್ನ ಸೆರಗಿನ ಗಂಟಿನಲ್ಲಿತ್ತು. ಅವಳು ತನ್ನ ಮಗುವನ್ನು ಸ್ಕೂಲಿಗೆ ಬಿಡಲು ಹೋದಾಗ ನಾಲ್ಕು ಮೂಲೆಗೆ ಚಿಮುಕಿಸಿ, ಚೆನ್ನಾಗಿ ಬರಲಿ ಎಂದು ಪ್ರತಿ ಚೀಲಕ್ಕೂ ಎರಡೆರಡು ಹನಿ ಹಾಕುತ್ತಿದ್ದೆ. ಅವಳು ಬರುವಷ್ಟರಲ್ಲಿ ಒಣಗಿರುತ್ತಿತ್ತು.

ಚೀಲ ಹಸಿರಾದದ್ದು ನನ್ನಿಂದಲೇ ಎಂದು ಅಲ್ಲೇ ನಿಂತಲ್ಲೇ ನನಗೆ ಹೊಳೆಯಿತು. ನಾನು ಚೌಕಳಿ ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡೆ.

"ಎಲ್ಲ ಸರಿಯಾಗೇ ಮಾಡಿದೀಯಲ್ಲೇ," ಎಂದಳು ಜಯಮ್ಮ. "ತಪ್ಪೇ ಕಾಣ್ತಿಲ್ಲ. ಕೆಲವರ ಕೈಗೆ ಬರಲ್ಲ ಕಣಮ್ಮ, ಏನ್ ಮಾಡೋದು."

ಊಟಕ್ಕೆ ಮುದ್ದೆ, ಅಣಬೆ ಸಾರು ಬಡಿಸಿದಳು. ಹುತ್ತದ ಅಣಬೆಯ ರುಚಿ ಇಲ್ಲ, ಆದರೆ ಮೆತ್ತಗಿತ್ತು, ಹಲ್ಲಿಗೆ ಕೆಲಸವಿಲ್ಲ. ನಾನು ಎರಡು ಸಲ ಹಾಕಿಸಿಕೊಂಡೆ. ಸುಮಾ ಅರ್ಧ ಮುದ್ದೆ ಬಿಟ್ಟಳು.

ಡಾಬಸ್‌ಪೇಟೆಗೆ ವಾಪಸು ಬಂದಾಗ ಎರಡೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸಿಗೆ ಕಾಯುತ್ತಾ ಸುಮಾ ಫೋನು ತೆಗೆದಳು.

"ಯಾರಿಗೆ?"

"ಸೂಪರ್‌ವೈಸರ್‌ಗೆ. ಬರ್ತೀನಿ ಅಂತ ಹೇಳ್ಬಿಡ್ತೀನಿ. ನನ್ನ ಕೈಗೆ ಬರಲ್ವಂತಲ್ಲ."

ರಿಂಗಾಗುವುದು ನನಗೂ ಕೇಳಿಸಿತು.

"ಕಟ್ ಮಾಡು," ಎಂದೆ. "ನಿನ್ನ ಕೈ ಚೆನ್ನಾಗೇ ಐತೆ. ಸಗಣಿ ನೀರು ಹಾಕಿದ್ದು ನಾನು."

ಕಟ್ ಮಾಡಿದಳು. "ಯಾವಾಗ?"

"ಶುಕ್ರವಾರ."

"ಯಾವ ಶುಕ್ರವಾರ?"

"ಎಲ್ಲಾ ಶುಕ್ರವಾರ."

ಬಸ್ಸೊಂದು ಬಂದು ಹೋಯಿತು, ನಮ್ಮದಲ್ಲ.

"ಜಯಮ್ಮಕ್ಕ ಕೇಳಿದಾಗ ಬಾಯಿಗೆ ಏನಾಗಿತ್ತು ಅತ್ತೆ?"

"ಆ ಶರ್ಟು ಹಾಕ್ಕೊಂಡು ನಿಂತಿದ್ನಲ್ಲ. ಆ ವೇಷದಲ್ಲಿ ಒಪ್ಕೊಳ್ಳೋಕೆ ಆಗ್ಲಿಲ್ಲ."

ಅವಳು ನಗಲಿಲ್ಲ. ನಮ್ಮ ಬಸ್ಸು ಬಂದಾಗ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ ಕೂತಳು. ನಾನು ಕಿಟಕಿಯಲ್ಲಿ ಹಿಂದೆ ಸರಿಯುವ ಶಿವಗಂಗೆಯನ್ನು ನೋಡಿಕೊಂಡು ಕೂತೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ದೊಡ್ಡಬಳ್ಳಾಪುರದಲ್ಲಿ ಇಳಿದ ಮೇಲೆ ಅವಳ ಫೋನು ಬಡಿದುಕೊಂಡಿತು. ಸೂಪರ್‌ವೈಸರ್. ಅವಳು ನನ್ನನ್ನೇ ನೋಡುತ್ತಾ, "ಇಲ್ಲ ಸಾರ್, ಬರಲ್ಲ. ಮನೇಲೇ ಕೆಲಸ ಐತೆ," ಎಂದು ಫೋನಿಟ್ಟಳು. ಆಮೇಲೆ ಕೈ ಚಾಚಿದಳು. ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟೆ.

"ನಾಳೆ ಶೆಡ್ಡಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು," ಎಂದಳು. "ನೀವೇ ಉಜ್ಜಿ."

"ನನ್ನ ಭುಜ..."

"ಸಗಣಿ ಎರಚುವಾಗ ಇರ್ಲಿಲ್ವಾ ನೋವು?"

ಅವಳು ಮುಂದೆ, ನಾನು ಹಿಂದೆ ಮನೆಯ ಕಡೆ ನಡೆದೆವು. ನಮ್ಮ ಬೀದಿಯ ತಿರುವಿನಲ್ಲಿ ಆಗಷ್ಟೇ ಹಾಕಿದ ಸಗಣಿ ಬಿದ್ದಿತ್ತು. ಒಳ್ಳೇ ಸಗಣಿ, ಗಟ್ಟಿಯಾಗಿತ್ತು. ಮಾರನೇ ದಿನ ಶುಕ್ರವಾರ. ಸುಮಾ ನಿಂತು ತಿರುಗಿ ನೋಡಿದಳು. ನಾನು ಸೀರೆ ಎತ್ತಿಕೊಂಡು ದಾಟಿ ಬಂದೆ.