ಎಳ್ಳಮಾವಾಸ್ಯೆಯ ದಿನ ಕಾಟಾದ ಲಾಗಿನ್ ನಿಂತದ್ದು

ಇಲ್ಲ, ಕಿಟಕಿಯ ಗಾಜು ಆಮೇಲೆ ಒಡೆದಿರಬೇಕು. ಮೊದಲು ಮಹಾದೇವನನ್ನು ಹೊರಗೆ ಎಳೆದರು. ಅಥವಾ ಇಷ್ಟು ಸಲ ಹೇಳಿ ಹೇಳಿ ಹೀಗೊಂದು ಕ್ರಮ ತಾನಾಗಿ ಕೂತಿದೆಯೋ ಏನೋ. ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಗಾಜು ಮೊದಲು ಬರುತ್ತದೆ. ಹೆಂಡತಿಗೆ ಹೇಳಿದ್ದರಲ್ಲಿ ಗಾಜೇ ಇಲ್ಲ. ಬರೆಯಲು ಕೂತ ಮೇಲೆ ಒಂದನ್ನು ಆರಿಸಬೇಕಾಗುತ್ತದೆ, ಆರಿಸಿದ್ದೇನೆ.

ಆಗ ನಾನು ಅಥಣಿ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಕಬ್ಬಿನ ತೂಕವನ್ನು ಕಂಪ್ಯೂಟರಿಗೆ ತಂದ ಮೊದಲ ಹಂಗಾಮು ಅದು. ಕಾಟಾ, ಅಂದರೆ ಗಾಡಿ ತೂಗುವ ಕಟ್ಟೆಯ ಆಪರೇಟರ್ ವೆಬ್ ಪುಟದಲ್ಲಿ ತನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋದರೆ ಮಾತ್ರ ತೂಕ ದಾಖಲಾಗುತ್ತಿತ್ತು. ಅವು ಸರಿಯೇ ಎಂದು ನೋಡುವುದು ವೆಬ್ ಸರ್ವರ್‌ನೊಳಗಿನ ಅಥೆಂಟಿಕೇಶನ್ ಮಾಡ್ಯೂಲಿನ ಕೆಲಸ. ಅದಕ್ಕೆ ಡೇಟಾಬೇಸ್ ತೆರೆಯಲು ಒಂದು ಗುಪ್ತ ಕೀಲಿ ಬೇಕು. ಕೀಲಿಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟಿದ್ದೆವು. ಒಂದು ಪ್ರೋಗ್ರಾಂ ಶುರುವಾಗುವಾಗ, ಶುರುಮಾಡಿದವರು ಅದರ ಕೈಗೆ ಕೊಟ್ಟು ಕಳಿಸುವ ಮಾಹಿತಿ ಅದು. ಆಗ ಕೊಡದಿದ್ದರೆ ಇಲ್ಲ. ಆಮೇಲೆ ಕೇಳಿ ಪಡೆಯಲು ಬರುವುದಿಲ್ಲ.

ನಮ್ಮ ಕಡೆ ಅಮಾವಾಸ್ಯೆಗೆ ಓಡುವುದನ್ನೆಲ್ಲ ನಿಲ್ಲಿಸಿ, ಒರೆಸಿ, ಪೂಜೆ ಮಾಡಿ, ಕಾಯಿ ಒಡೆದು ಮತ್ತೆ ಶುರುಮಾಡುತ್ತಾರೆ. ಆ ಎಳ್ಳಮಾವಾಸ್ಯೆಯ ದಿನ ಕಾಟಾದ ಆಪರೇಟರ್ ಮಹಾದೇವ, ಕ್ರೇನು ಕಾಟಾಗಳ ಜೊತೆ ಸರ್ವರನ್ನೂ ಬಂದ್ ಮಾಡಿ ಪೂಜೆ ಮಾಡಿದ. ಹಂಗಾಮು ಶುರುವಾದಂದಿನಿಂದ ಅದು ಒಮ್ಮೆಯೂ ಆರಿರಲಿಲ್ಲ. ನಾನು ಯಡೂರಿನ ಗೆಳೆಯನ ಹೊಲದಲ್ಲಿ, ಭೂತಾಯಿಗೆ ಎಡೆ ಚೆಲ್ಲಿದ ಮೇಲಿನ ಚರಗದ ಊಟಕ್ಕೆ ಕೂತಿದ್ದೆ. ಫೋನ್ ಬಂತು. ಸಜ್ಜಿರೊಟ್ಟಿ ಬಿಟ್ಟು ಎದ್ದೆ.

ಕಾರ್ಖಾನೆಯ ಗೇಟಿನಿಂದ ಕಾಗವಾಡದ ರಸ್ತೆಯವರೆಗೆ ಟ್ರ್ಯಾಕ್ಟರ್‌ಗಳು ನಿಂತಿದ್ದವು. ಕಡಿದ ಕಬ್ಬು ಬಿಸಿಲಲ್ಲಿ ಒಣಗಿದಷ್ಟೂ ತೂಕ ಇಳಿಯುತ್ತದೆ. ನಿಂತವರ ಮುಖ ಬೇರೆಯಾಗಿತ್ತು. ಯಾರು ಲಾಗಿನ್ ಮಾಡಿದರೂ ಪರದೆಯ ಮೇಲೆ ಒಂದೇ ಮಾತು: ಪಾಸ್‌ವರ್ಡ್ ತಪ್ಪು.

ಕಾಟಾದ ಪಕ್ಕದ ಸರ್ವರ್ ಕೋಣೆಯಲ್ಲಿ ಮಹಾದೇವನೂ ಕಾರ್ಖಾನೆಯ ಮ್ಯಾನೇಜರೂ ಇದ್ದರು. "ಏನ್ ಮಾಡಿದ್ಯೋ ಮಾದ್ಯಾ?" ಎಂದೆ.

"ಏನೂ ಇಲ್ರಿ ಸರ. ಬಂದ್ ಮಾಡಿ, ಕುಂಕುಮ ಹಚ್ಚಿ, ಚಾಲೂ ಮಾಡೀನಿ. ಎಲ್ಲಾ ಮಷಿನ್ನಿಗೂ ಮಾಡ್ತೀವಿ, ಕಂಪ್ಯೂಟರ್ ಏನ್ ಬ್ಯಾರೆ ಜಾತೀದೇನ್ರಿ?"

ನಾನು ನಕ್ಕೆ ಎಂದು ನೆನಪು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಜನ ಒಳಗೆ ಬಂದರು. ಮುಂದೆ ಇದ್ದವನು ರಾವಸಾಹೇಬ, ಹಿಂದಿನ ದಿನವೇ ಕಬ್ಬು ಕಡಿಸಿ ತಂದಿದ್ದ ರೈತ.

"ಪಾಸ್‌ವರ್ಡ್ ಬದಲ್ ಮಾಡ್ಯಾನ ಈ ಮಗಾ! ನಮ್ಮ ಗಾಡಿ ತಡದು ಮಹಾರಾಷ್ಟ್ರದ ಗಾಡಿ ಮೊದಲ ಒಳಗ ಬಿಡಾಕ!"

ಮಹಾದೇವನನ್ನು ಕಾಲರ್ ಹಿಡಿದು ಎಳೆದೊಯ್ದರು. ಅವರು ಹೊರಬಿದ್ದ ಕೂಡಲೇ ಮ್ಯಾನೇಜರ್ ಬಾಗಿಲಿಗೆ ಚಿಲಕ ಹಾಕಿದರು. ರಾವಸಾಹೇಬ ಕಿಟಕಿಗೆ ಬಂದ. "ಸಾಹೇಬ್ರ, ಕಾಟಾ ಚಾಲೂ ಆಗೂತನಾ ಇಂವ ನಮ್ಮ ಕಡೆ ಇರ್ತಾನ. ನಿಮ್ಮ ಕೆಲಸ ನೀವ್ ಮಾಡ್ರಿ, ನಮ್ಮದು ನಾವ್ ಮಾಡ್ತೀವಿ."

ಹೊರಗೆ ಕಾಟಾದ ಕಂಪ್ಯೂಟರಿನ ಮುಂದೆ ಒಬ್ಬ ಡ್ರೈವರ್ ಕೂತು ಮಹಾದೇವನ ಹೆಸರು, ಅವನು ಹೇಳಿದ ಪಾಸ್‌ವರ್ಡ್ ಒತ್ತಿ ಲಾಗಿನ್ ಮಾಡುತ್ತಾ, ಪರದೆಯ ಮಾತನ್ನು ಕೂಗಿ ಓದುತ್ತಿದ್ದ. "ತಪ್ಪ್ ಅನ್ನಾಕತ್ತೈತಿ!" ಅಂದಾಗೊಮ್ಮೆ ಕಬ್ಬಿನ ಜಲ್ಲೆಯ ಏಟು. ಹಸಿ ಜಲ್ಲೆ ಮೈಮೇಲೆ ಮುರಿಯುವ ಸದ್ದು ನನಗೆ ಒಳಗೆ ಕೇಳುತ್ತಿತ್ತು. ಒಂದು ಮುರಿದರೆ ಟ್ರಾಲಿಯಿಂದ ಇನ್ನೊಂದು ಜಗ್ಗುತ್ತಿದ್ದರು.

ಲಾಗ್ ನೋಡಿದೆ. ಮಾಡ್ಯೂಲಿಗೆ ಡೇಟಾಬೇಸಿನ ಕೀಲಿ ಖಾಲಿ ಕಾಣುತ್ತಿತ್ತು; ತಾಳೆ ನೋಡಲಾಗದೆ ಎಲ್ಲ ಪಾಸ್‌ವರ್ಡನ್ನೂ ತಪ್ಪು ಎನ್ನುತ್ತಿತ್ತು. ಟರ್ಮಿನಲ್ ತೆರೆದು ಮಾಡ್ಯೂಲಿನ ಪರೀಕ್ಷಾ ಪ್ರೋಗ್ರಾಂ ಓಡಿಸಿದೆ: ಸರಿ. ನನ್ನ ಹೆಗಲ ಮೇಲಿಂದ ನೋಡುತ್ತಿದ್ದ ಮ್ಯಾನೇಜರ್ ಕಿಟಕಿಗೆ ಓಡಿ, "ಆತ್ರೆಪಾ, ಸರಿ ಆತು, ಅವನ್ನ ಬಿಡ್ರಿ!" ಎಂದು ಕೂಗಿದರು.

ಹೊರಗೆ ಡ್ರೈವರ್ ಒತ್ತಿ ನೋಡಿದ. ತಪ್ಪು.

"ಚೇಷ್ಟಾ ಮಾಡ್ತೀರೇನ್ಲೇ?"

ಈ ಸಲ ಕಬ್ಬಲ್ಲ. ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಸಿಗಿಸುವ ಕಬ್ಬಿಣದ ಪಿನ್ನು. ಮಹಾದೇವನ ಬಲಗೈಯನ್ನು ಕಾಟಾದ ಸಿಮೆಂಟ್ ಅಂಚಿಗೆ ಒತ್ತಿ ಹಿಡಿದು ಹೊಡೆದರು. ಅವನು ಕೂಗಿದ್ದು ಮನುಷ್ಯರ ದನಿಯಂತಿರಲಿಲ್ಲ. ಕಲ್ಲು ಬಂತು, ಗಾಜು ಕೀಬೋರ್ಡಿನ ಮೇಲೆ ಚೆಲ್ಲಿತು. ಟೈಪ್ ಮಾಡುವಾಗ ಅಕ್ಷರಗಳಿಗೆ ನನ್ನ ರಕ್ತ ಹತ್ತುತ್ತಿತ್ತು.

ಆಗ ಹೊಳೆಯಿತು. ನನ್ನ ಟರ್ಮಿನಲ್ಲಿಗೆ ಕೀಲಿ ಕೊಟ್ಟದ್ದು ನನ್ನ ಲಾಗಿನ್. ಸರ್ವರನ್ನು ಈಗ ಶುರುಮಾಡಿದ್ದು ನಾನಲ್ಲ, ಯಂತ್ರ ಹೊತ್ತಿಕೊಂಡಾಗ ಆಪರೇಟಿಂಗ್ ಸಿಸ್ಟಮ್ಮೇ ಶುರುಮಾಡಿತ್ತು, ಬರಿಗೈಯಲ್ಲಿ. ಹಂಗಾಮಿನ ಆರಂಭದಲ್ಲಿ ಯಾರೋ ಟರ್ಮಿನಲ್‌ನಿಂದ ಕೈಯಾರೆ ಶುರುಮಾಡಿದ್ದರಿಂದ ಅಲ್ಲಿಯವರೆಗೆ ನಡೆದಿತ್ತು. ಅದು ನಾನೋ, ಪುಣೆಯಿಂದ ಬಂದಿದ್ದ ಎಂಜಿನಿಯರೋ, ಹೇಳಲಾರೆ.

ಅವಸರದಲ್ಲಿ ಸರ್ವರಿನ ಕಾನ್ಫಿಗರೇಶನ್ ಫೈಲಿನಲ್ಲಿ ಕೀಲಿ ಬರೆದೆ. ಮತ್ತೆ ತಪ್ಪು, ಮತ್ತೆ ಏಟು. ಆ ಫೈಲಿನ ಸಾಲು ಜಾರಿಗೆ ಬರುವುದು ಅಥೆಂಟಿಕೇಶನ್ ಮುಗಿದ ನಂತರ; ಬಾಗಿಲ ಕಾವಲುಗಾರನಿಗೆ ಬೇಕಾದದ್ದನ್ನು ಒಳಮನೆಯಲ್ಲಿ ಇಟ್ಟಂತೆ. ಕೊನೆಗೆ ಸರ್ವಿಸ್ ಶುರುವಾಗುವ ಫೈಲಿನಲ್ಲಿಯೇ ಕೀಲಿ ಸೇರಿಸಿ, ಸರ್ವರನ್ನು ಪೂರ್ತಿ ನಿಲ್ಲಿಸಿ ಎಬ್ಬಿಸಿದೆ.

"ಚಾಲೂ ಝಾಲಾ!" ಎಂದು ಡ್ರೈವರ್ ಮರಾಠಿಯಲ್ಲಿ ಕೂಗಿದ.

ಹಿಡಿದಿದ್ದ ಕೈಗಳೆಲ್ಲ ಒಮ್ಮೆಲೇ ಮಹಾದೇವನನ್ನು ಬಿಟ್ಟವು. ಸರತಿ ತಪ್ಪೀತೆಂದು ಎಲ್ಲರೂ ತಮ್ಮ ತಮ್ಮ ಟ್ರ್ಯಾಕ್ಟರಿಗೆ ಓಡಿದರು. ಅವನು ಬಿದ್ದಿದ್ದ ಜಾಗ ತಪ್ಪಿಸಿ ಮೊದಲ ಗಾಡಿ ಕಾಟಾ ಹತ್ತಿತು. ನಾನೂ ಮ್ಯಾನೇಜರೂ ಅವನನ್ನು ಎತ್ತಿ ಜೀಪಿನಲ್ಲಿ ಮಿರಜಿನ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಒಂದೇ ಸಲ ಮಾತಾಡಿದ. "ಕುಂಕುಮ ಹಚ್ಚಿದ್ದಕ್ಕ ಕೆಟ್ಟಿತೇನ್ರಿ ಸರ?" ಅಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ.

ನನ್ನ ಕೈಯಲ್ಲಿ ನಡೆಯುವ ಪ್ರೋಗ್ರಾಂ ಸರ್ವರಿನ ಕೈಯಲ್ಲೂ ನಡೆಯುತ್ತದೆ ಎಂದು ಆಮೇಲೆ ನಾನು ಎಲ್ಲೂ ನಂಬಲಿಲ್ಲ. ಯಾವ ವ್ಯವಸ್ಥೆ ಹೊಸದಾಗಿ ಕೂರಿಸಿದರೂ ಮೊದಲು ಯಂತ್ರವನ್ನು ಪೂರ್ತಿ ಆರಿಸಿ, ಹೊತ್ತಿಸಿ, ಏನೂ ಮುಟ್ಟದೆ ನೋಡುತ್ತೇನೆ. ಕೆಲಸ ಕಲಿಸಿದ್ದು ಇಷ್ಟು.

ಮಹಾದೇವನ ಬಲಗೈಯ ಬೆರಳುಗಳು ಸರಿಯಾಗಿ ಕೂಡಲಿಲ್ಲ. ಮುಂದಿನ ಹಂಗಾಮಿಗೆ ಮಹಾದೇವ ಎಡಗೈಯಲ್ಲಿ ಟೈಪ್ ಮಾಡುತ್ತಾ ಅದೇ ಕಾಟಾದಲ್ಲಿ ಕೂತ. ಪೊಲೀಸರಿಗೆ, "ಹಿಂದಿಂದ ಹಿಡಿದಿದ್ರು, ಮುಖ ಕಾಣಲಿಲ್ರಿ" ಎಂದಷ್ಟೇ ಹೇಳಿದ್ದ. ಒಂದು ದಿನ ನಾನು ಅಲ್ಲಿದ್ದಾಗಲೇ ರಾವಸಾಹೇಬನ ಗಾಡಿ ಬಂತು.

"ಹೆಂಗ ಐತೋ ಕೈ?"

"ನಡೀತೈತ್ರಿ ಅಣ್ಣಾರ. ಗಾಡಿ ಸ್ವಲ್ಪ ಮುಂದ ತಗೋರಿ."

ತೂಕ ಆಯಿತು, ಚೀಟಿ ಹರಿದು ಕೊಟ್ಟ. ಪಿನ್ನು ಎತ್ತಿದವನು ಯಾರೆಂದು ಮಹಾದೇವನಿಗೆ ಗೊತ್ತಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.