ಟ್ರೇಸರ್ ಲಲಿತಮ್ಮ

ಮಾತಾಡುವಾಗಲೆಲ್ಲ ಲಲಿತಮ್ಮ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದರು. ಮೊದಲ ಸಲ ನೋಡಿದವರಿಗೆ ಯಾರೋ ಸಂಕೋಚದ ಹೆಂಗಸು ಅನ್ನಿಸುತ್ತಿತ್ತು. ಸಂಕೋಚ ಅವರ ಹತ್ತಿರವೂ ಸುಳಿದದ್ದಲ್ಲ. ಬಿಟ್ಟರೆ ಆ ಕೈ ನಡುಗುತ್ತಿತ್ತು, ಅಷ್ಟೆ.

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ನಾನು ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಡಿಟಿಪಿ ಅಂಗಡಿ ನಡೆಸುತ್ತಿದ್ದೆ. ಒಂದು ಮಧ್ಯಾಹ್ನ ಲಲಿತಮ್ಮ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು, ಪತ್ರವೊಂದನ್ನು ಟೈಪ್ ಮಾಡಿಕೊಡುವಂತೆ ಕೇಳಿದರು. ಅಲ್ಲಿನ ನ್ಯೂ ಟೌನಿನವರು, ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಟ್ರೇಸರ್. ಯಂತ್ರಗಳ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಕೂದಲಿನಷ್ಟು ಸಣ್ಣಗೆ ಮಸಿಯಲ್ಲಿ ಗೆರೆ ಎಳೆಯುವ ಕೆಲಸ. ಓದಿ ನೋಡಿದರೆ ಅದು ರಾಜೀನಾಮೆ ಪತ್ರ.

“ಭದ್ರಾವತೀಲೇ ಟೈಪ್ ಮಾಡಿಸಬಹುದಿತ್ತಲ್ಲ?” ಎಂದೆ.

“ಅಲ್ಲಿ ಮಾಡಿಸಿದ್ರೆ ನಾನು ಮನೆ ಮುಟ್ಟೋದ್ರೊಳಗೆ ಇಡೀ ನ್ಯೂ ಟೌನಿಗೆ ಗೊತ್ತಾಗಿರುತ್ತೆ ಮಾರಾಯ್ತಿ. ಕೈ ನಡುಗೋಕೆ ಶುರುವಾಗಿ ಎಂಟು ತಿಂಗಳಾಯ್ತು. ಯಾರೂ ಹೋಗು ಅಂದಿಲ್ಲ. ಅನ್ನೋಕೆ ಮುಂಚೆ ನಾನೇ ಹೋಗ್ತೀನಿ.”

ಪರದೆಯ ಮೇಲೆ ಆಗ ಒಂದು ಮೆಕ್ಕೆಜೋಳದ ಕಾಳಿತ್ತು. ನವುಲೆಯ ಕೃಷಿ ಕಾಲೇಜಿನ ಮೇಷ್ಟ್ರೊಬ್ಬರು ಚಾರ್ಟು ಬೇಕೆಂದಿದ್ದರು: ಸೀಳಿದ ಕಾಳು, ಅದರ ಮೂರು ಭಾಗಕ್ಕೆ ಮೂರು ಬಣ್ಣ. ನಾನು ಕಾಳಿನೊಳಗೆ ಎರಡು ಗೆರೆ ಎಳೆದು ಬೆಳಗಿನಿಂದ ಒದ್ದಾಡುತ್ತಿದ್ದೆ. ಯಾವ ಬಣ್ಣ ಸುರಿದರೂ ಇಡೀ ಕಾಳಿಗೇ ತುಂಬಿಕೊಳ್ಳುತ್ತಿತ್ತು.

ಲಲಿತಮ್ಮ ಕನ್ನಡಕ ಏರಿಸಿ ಬಗ್ಗಿದರು. “ನೀನು ಗೆರೆ ಎಳ್ದಿದೀಯ, ಕಾಳು ತುಂಡಾಗಿಲ್ಲ. ನಿನ್ನ ಗೆರೆ ಅಂಚು ಮುಟ್ಟೇ ಇಲ್ಲ ನೋಡು. ಈ ಕಡೆಯಿಂದ ಹೊರಟಿದ್ದು ಆ ಕಡೆ ದಾಟಿ ಹೋಗ್ಲಿ.”

ಚಿತ್ರವನ್ನು ಹಿಗ್ಗಿಸಿ ನೋಡಿದೆ. ನಿಜ, ಕೂದಲೆಳೆಯಷ್ಟು ಕಡಿಮೆ ಇತ್ತು. ಎರಡೂ ಗೆರೆಗಳನ್ನು ಅಂಚಿನಾಚೆಗೆ ಎಳೆದು, ಕತ್ತರಿಸುವ ಆಜ್ಞೆ ಕೊಟ್ಟೆ. ಕಾಳು ಮೂರು ಬಿಡಿ ತುಂಡಾಯಿತು; ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ, ಒಂದಕ್ಕೆ ಕಂದು. ಕಂಪ್ಯೂಟರನ್ನು ಒಮ್ಮೆಯೂ ಮುಟ್ಟಿರದ ಹೆಂಗಸು ದೊಡ್ಡದಾಗಿ ನಕ್ಕು, ನಾನು ಟೈಪ್ ಮಾಡಿಕೊಟ್ಟ ರಾಜೀನಾಮೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ತಿಂಗಳ ನಂತರ ಮೇಷ್ಟ್ರು ಇನ್ನಷ್ಟು ಚಾರ್ಟುಗಳನ್ನು ಹೊತ್ತು ತಂದರು. ಪತ್ರದಲ್ಲಿದ್ದ ವಿಳಾಸಕ್ಕೆ ನಾನು ಕಾರ್ಡು ಬರೆದೆ: ಕೆಲಸಕ್ಕೆ ಬರುತ್ತೀರಾ?

ಬಂದರು. ಮೊದಲ ದಿನವೇ ಎಡವಟ್ಟಾಯಿತು. ಮೌಸ್ ಹಿಡಿದು ಒಂದು ಗೆರೆ ಎಳೆದರೆ ಅದು ಗರಗಸದ ಹಲ್ಲಿನಂತೆ ಬಂತು. ಇನ್ನೊಂದು ಎಳೆದರು. ಅದೂ ಹಾಗೇ. ಎದ್ದು ಚೀಲ ತೆಗೆದುಕೊಂಡರು.

“ಹಾಳೆ ಮೇಲೆ ಆಗದ್ದು ಇಲ್ಲೂ ಆಗಲ್ಲ, ಬಿಡಮ್ಮ.”

ನಾನು ಬಾಗಿಲಿಗೆ ಅಡ್ಡ ನಿಂತೆ. “ಎಳೀಬೇಡಿ. ಬರೀ ಬಿಂದು ಇಡಿ. ಒಂದು ಇಲ್ಲಿ, ಒಂದು ಅಲ್ಲಿ. ನಡುವಿನ ಗೆರೆ ಅದೇ ಎಳ್ಕೊಳ್ಳುತ್ತೆ. ಬಿಂದು ಜರುಗಿದ್ರೆ ಮತ್ತೆ ಸರಿಸಬಹುದು.”

ಚೀಲ ಕೆಳಗಿಟ್ಟರು. ಆಮೇಲೆ ಕುಳಿತರು. ಒಂದು ಎಲೆ ಮುಗಿಸಲು ಸಂಜೆಯಾಯಿತು. ಎಲೆ ಪೂರ್ತಿಯಾದ ಮೇಲೆ ಅದರ ಬಿಂದುಗಳನ್ನು ಒಂದೊಂದಾಗಿ ಅಳಿಸುತ್ತ, ಉಳಿದವನ್ನು ಬಾಗಿಸುತ್ತ ಹೋದರು. ಹನ್ನೊಂದಿದ್ದದ್ದು ಐದಕ್ಕೆ ಇಳಿಯಿತು. ಎಲೆಯ ಅಂಚು ನೀರಿನಂತೆ ನುಣುಪಾಗಿತ್ತು.

“ಇಷ್ಟು ಸಾಕು,” ಎಂದರು. “ಬಿಂದು ಜಾಸ್ತಿಯಾದ್ರೆ ಗೆರೆ ಒದ್ದಾಡುತ್ತೆ.” ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಕಾಗದ ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಐದು ವರ್ಷ ನನ್ನ ಜೊತೆಗಿದ್ದರು. ಬಣ್ಣಗಳಿಗೆ ಅವರದೇ ಹೆಸರುಗಳಿದ್ದವು. “ಆ ಕೆಂಪು ಬೇಡ, ಕುಲುಮೆ ಬಾಗಿಲು ತೆಗೆದಾಗ ಕಾಣುತ್ತಲ್ಲ, ಆ ಕೆಂಪು ಕೊಡು,” ಎನ್ನುವರು. ಒಮ್ಮೆ ಸ್ಟಿಕ್ಕರ್ ಮಾಡಿಸಲು ಬಂದಿದ್ದ ಗಿರಾಕಿಯೊಬ್ಬ ನನ್ನ ಕಡೆ ಬಗ್ಗಿ, “ಮೇಡಂ, ಇವರ ಕೈ ಹಿಂಗಿದೆಯಲ್ಲ, ಕೆಲಸ ನೀಟಾಗಿ ಬರುತ್ತಾ?” ಎಂದು ಪಿಸುಗುಟ್ಟಿದ. ಲಲಿತಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಕಿವಿ ಚೆನ್ನಾಗಿದೆ ಸ್ವಾಮಿ. ಕೂತ್ಕೊಳ್ಳಿ, ನೋಡೇ ಹೋಗಿ.” ಅವನು ಕೂತ, ನೋಡಿದ. ಆಮೇಲೆ ತನ್ನ ತಮ್ಮನ ಅಂಗಡಿಯ ಬೋರ್ಡನ್ನೂ ಅವರ ಕೈಲೇ ಮಾಡಿಸಿದ.

ಬಸ್ಸಿನ ಓಡಾಟ ಕಷ್ಟವಾದಾಗ ಕೆಲಸ ಬಿಟ್ಟು, ಹಳೇ ಕಂಪ್ಯೂಟರೊಂದನ್ನು ಕೊಂಡು, ಮನೆಯ ಮುಂದಿನ ಕೋಣೆಯಲ್ಲಿ ನೆರೆಹೊರೆಯ ಹೆಂಗಸರಿಗೆ ಪ್ರತಿ ಗುರುವಾರ ಈ ಕೆಲಸ ಕಲಿಸತೊಡಗಿದರು. ಒಂದು ದಿನ ಫೋನು ಬಂತು.

“ಗುರುವಾರ ಬರ್ತೀಯಾ? ನಾನು ಆಸ್ಪತ್ರೆಗೆ ಹೋಗ್ಬೇಕು. ಹೆಣ್ಮಕ್ಕಳು ಬಂದು ಸುಮ್ನೆ ವಾಪಸ್ ಹೋಗ್ಬಾರ್ದು.”

ನಾನು ಹೋದಾಗ ಅವರು ಗೇಟಿನ ಬಳಿ ಆಟೋದಲ್ಲಿ ಕುಳಿತಿದ್ದರು. ಮುಖ ಸೊರಗಿತ್ತು. “ಪಾಠ ಎಲ್ಲಿಗೆ ನಿಂತಿದೆ ಅಂತ ಅವರೇ ಹೇಳ್ತಾರೆ. ಅವಸರ ಮಾಡಬೇಡ, ಒಬ್ಬೊಬ್ಬರೇ ಮಾಡ್ಲಿ,” ಎಂದರು. ಆಟೋ ಹೊರಟಿತು.

ಆಸ್ಪತ್ರೆಯಿಂದ ಅವರು ಮರಳಲಿಲ್ಲ. ಅವರ ಮನೆಯವರು ಕೋಣೆಗೆ ಬೀಗ ಹಾಕಲಿಲ್ಲ. ಗುರುವಾರದ ಪಾಠವನ್ನು ಇನ್ನೂ ಎರಡು ವರ್ಷ ನಾನೇ ನಡೆಸಿದೆ. ಕಲಿತವರಲ್ಲಿ ಇಬ್ಬರು ಸೇರಿ ಭದ್ರಾವತಿಯಲ್ಲೇ ಅಂಗಡಿ ತೆರೆದರು. ನನಗೆ ಹೆಚ್ಚು ನೆನಪಾಗುವುದು ಆ ಮೊದಲ ಗುರುವಾರವೇ. ಆಟೋ ತಿರುವು ದಾಟಿದ ಮೇಲೆ ಒಳಗೆ ಹೋದೆ. ನಾಲ್ವರು ಹೆಂಗಸರು ಕಂಪ್ಯೂಟರಿನ ಸುತ್ತ ಕಾಯುತ್ತಿದ್ದರು.

“ಇವತ್ತು ಬಣ್ಣ ತುಂಬೋದು ಅಂದಿದ್ರು ಮೇಡಂ,” ಎಂದು ಒಬ್ಬಾಕೆ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟಳು.

“ನೀವೇ ಕೂತ್ಕೊಳ್ಳಿ,” ಎಂದೆ.