ಚೈನು ಆರಿಸುವ ಗುಮಾಸ್ತ

ಕಚೇರಿಯಲ್ಲಿ ಯಾವ ಕಾಗದ ಕೊಟ್ಟರೂ ಓದದೆ ಸಹಿ ಹಾಕುವ ನಮ್ಮ ಗುಮಾಸ್ತ ಸೈಕಲ್ ಚೈನಿನ ವಿಷಯ ಬಂದರೆ ಮಾತ್ರ ನ್ಯಾಯಾಧೀಶನಾಗಿಬಿಡುತ್ತಾನೆ. ತಂಗಿಯ ಗೇರಿಲ್ಲದ ಮೌಂಟನ್ ಸೈಕಲ್ಲಿನ ಚೈನು ಕಿತ್ತುಹೋಗಿ ಮೂರು ವಾರವಾಯಿತು. ಅಂದಿನಿಂದ ದಿನಾ ಸಂಜೆ ಸೈಕಲ್ ಅಂಗಡಿಯಲ್ಲಿ ಇವನ ಹಾಜರಿ. ಚೈನನ್ನು ಕಿವಿಯ ಬಳಿ ಹಿಡಿದು ಕುಲುಕುತ್ತಾನೆ, ಮೂಸುತ್ತಾನೆ, ಕೊಂಡಿಗಳನ್ನು ಎಣಿಸುತ್ತ ಅರ್ಧದಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಗೇರ್ ಸೈಕಲ್ಲಿನದು ಸಣಕಲು, ಬಂಗಾರದ ಬಣ್ಣದ್ದು ಬರೀ ಶೋಕಿ. "ಸಾರ್, ನಿಮಗೆ ಬೇಕಾಗಿರೋದು ಚೈನೋ, ಕೂತ್ಕೊಳ್ಳೋಕೆ ಜಾಗವೋ?" ಎಂದು ಅಂಗಡಿಯವನು ಕೇಳಿದರೆ, "ಎರಡೂ" ಎಂದು ಸ್ಟೂಲು ಎಳೆದುಕೊಳ್ಳುತ್ತಾನೆ. ಮನೆಯಲ್ಲಿ ನರ್ಸ್ ತಂಗಿಯದು ಬೇರೆ ರಾಗ: "ಅಣ್ಣಾ, ನೀನು ಆರಿಸೋಷ್ಟರಲ್ಲಿ ಆಸ್ಪತ್ರೆಗೆ ನಡೆದೂ ನಡೆದೂ ನಾನೇ ಅಲ್ಲಿ ಅಡ್ಮಿಟ್ ಆಗ್ತೀನಿ." ನಿನ್ನೆ ಅಂಗಡಿಯವನ ತಾಳ್ಮೆ ಕೆಟ್ಟಿತು. "ಕಿತ್ತುಹೋದ್ರೆ ಏನು ಮಹಾ? ತಳ್ಕೊಂಡು ಬರ್ತಾರೆ, ಅಷ್ಟೇ ತಾನೆ!" ಗುಮಾಸ್ತ ಕೈಲಿದ್ದ ಚೈನನ್ನು ಕೆಳಗಿಟ್ಟ. "ತಂಗಿ ಸೈಕಲ್ಲಿಗೆ ಕೈಬ್ರೇಕಿಲ್ಲ. ಪೆಡಲ್ ಹಿಂದಕ್ಕೆ ತುಳಿದ್ರೇನೇ ನಿಲ್ಲೋದು, ಚೈನು ಹೋದ್ರೆ ಬ್ರೇಕೂ ಹೋಯ್ತು. ಮನೆಯಿಂದ ಆಸ್ಪತ್ರೆವರೆಗೂ ಇಳಿಜಾರು. ಆ ಹಳೇ ಸೈಕಲ್ಲನ್ನ ಅಗ್ಗಕ್ಕೆ ಸಿಕ್ತು ಅಂತ ತಂದೋನು ನಾನೇ. ಚೈನು ಕಿತ್ತುಹೋದಾಗ ಅವಳು ಸದ್ಯ ನಮ್ಮ ಗೇಟಿನ ಹತ್ರಾನೇ ಇದ್ಲು." ಅಂಗಡಿಯವನು ಒಳಗಿನಿಂದ ಹೊಳಪಿಲ್ಲದ ಅಗಲ ಚೈನೊಂದನ್ನು ತಂದು, ಒಂದು ತುದಿಯನ್ನು ಇವನ ಕೈಗಿತ್ತ. ಇನ್ನೊಂದನ್ನು ತಾನು ಮುಷ್ಟಿಗೆ ಸುತ್ತಿಕೊಂಡು ಗೋಡೆಗೆ ಕಾಲು ಕೊಟ್ಟು ನಿಂತ. "ಎಳೀರಿ ಸಾರ್. ನಂಬಿಕೆ ಬರೋವರೆಗೂ ಎಳೀರಿ."